ಅಟ್ಟುವ ನಾಯಿ, ಒಟ್ಟು ಮಾಡುವ ನಾಯಿ

ಅಕ್ಕಂದಿರೇ, ನಿಮ್ಮ ಮನೇಲಿ ನಾಯಿ ಇದೆಯಾ? ಕುರಿ ಇದೆಯಾ? ಎರಡೂ ಇದ್ದರೆ ಈ ಪಾಠ ನಿಮಗೇ. ಎರಡೂ ಇಲ್ಲದಿದ್ದರೂ ಓದಿ. ನಾಯಿಯ ಗುಣ ತಿಳಿಯೋದು ಹೇಗೆ ಅಂತ ಇದರಲ್ಲಿದೆ.

ಯಾರ ಮಾತು ಸರಿ?

ಮೊದಲು ಒಂದು ಕಥೆ.

ಒಂದು ಊರು. ಆ ಊರಲ್ಲಿ ಒಬ್ಬ ತಾಯಿ. ಅವಳು ಮಹಿಳಾ ಸಂಘದಲ್ಲಿ ಸಾಲ ತೆಗೆದಳು. ಆರು ಕುರಿ ಕೊಂಡಳು. ಅದರಲ್ಲಿ ಎರಡು ಗಬ್ಬದ ಕುರಿ. ಮರಿ ಹಾಕಿದರೆ ಸಾಲ ತೀರುತ್ತೆ ಅಂತ ಅವಳ ಲೆಕ್ಕ.

ಮನೇಲಿ ಒಂದು ನಾಯಿಯೂ ಇತ್ತು. ಒಂದು ಮಳೆಗಾಲದಲ್ಲಿ ಬಾಗಿಲಿಗೆ ಬಂದ ಮರಿ ಅದು. ಮಗ ಅದಕ್ಕೆ ಅನ್ನ ಹಾಕಿದ. ಅದು ಮನೆಯದೇ ಆಯಿತು. ಅದರ ಹೆಸರು ಕರಿಯ.

ಒಂದು ಸಂಜೆ ಕುರಿಗಳು ಮೇದು ಬಂದವು. ಕರಿಯ ಎಲ್ಲಿಂದಲೋ ಓಡಿ ಬಂತು. ಕುರಿಗಳ ಸುತ್ತ ಓಡಿತು. ಕುರಿಗಳು ಹೆದರಿ ಗೋಡೆಗೆ ಒತ್ತಿಕೊಂಡವು. ಒಂದು ಗಬ್ಬದ ಕುರಿ ಕಾಲು ಜಾರಿ ಬಿತ್ತು. ಮೊಣಕಾಲು ತರಚಿ ರಕ್ತ ಬಂತು.

ಗಂಡ ಕೂಗಾಡಿದ. "ಈ ನಾಯಿಗೆ ರಕ್ತದ ರುಚಿ ಹತ್ತಿದೆ. ನಾಳೆ ಕೆರೆ ಆಚೆ ಬಿಟ್ಟು ಬರ್ತೀನಿ."

ಮಗ ಅತ್ತ. "ಇಲ್ಲಪ್ಪಾ. ಕರಿಯ ಕುರೀನ ದೊಡ್ಡಿಗೆ ಸೇರಿಸ್ತಿತ್ತು. ಟಿ.ವಿ.ಯಲ್ಲಿ ನಾಯಿ ಕುರಿ ಕಾಯೋದು ನಾನೇ ನೋಡಿದೀನಿ."

ತಾಯಿ ಸುಮ್ಮನೆ ಕೂತಳು. ಇಬ್ಬರೂ ನೋಡಿದ್ದು ಒಂದೇ ಓಟ. ಒಬ್ಬನಿಗೆ ಅದು ಬೇಟೆ. ಇನ್ನೊಬ್ಬನಿಗೆ ಅದು ಕಾವಲು. ಯಾರ ಮಾತು ಸರಿ?

ಇದು ಆ ತಾಯಿಗೆ ಮಾತ್ರ ಬಂದ ಪ್ರಶ್ನೆ ಅಲ್ಲ. ದೂರ ದೇಶದ ಕುರಿಗಾರರಿಗೂ ಈ ಪ್ರಶ್ನೆ ಬಂದಿತ್ತು. ಅದಕ್ಕೆ ಅವರು ಒಂದು ಪರೀಕ್ಷೆ ಕಂಡುಕೊಂಡರು. ಅದನ್ನು ತಿಳಿಯೋಣ. ಆಮೇಲೆ ಕರಿಯನ ಹತ್ತಿರ ಬರೋಣ.

ಆರು ಮೆಟ್ಟಿಲು

ನಾಯಿ ಬಂದದ್ದು ತೋಳದ ಕುಲದಿಂದ. ಸಾವಿರಾರು ವರ್ಷಗಳ ಹಿಂದೆ ಅದು ಮನುಷ್ಯರ ಜೊತೆ ಸೇರಿತು. ಆದರೂ ತೋಳದ ಗುಣ ಪೂರ್ತಿ ಹೋಗಲಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದು ಅಂತಾರಲ್ಲ, ಹಾಗೆ.

ತೋಳ ಹೇಗೆ ಬೇಟೆ ಆಡುತ್ತೆ? ಅದಕ್ಕೆ ಆರು ಮೆಟ್ಟಿಲು ಇವೆ ಅಂದುಕೊಳ್ಳಿ.

1. ಹುಡುಕುವುದು.
2. ಕಣ್ಣಿಟ್ಟು ದಿಟ್ಟಿಸುವುದು.
3. ಮೈ ಬಗ್ಗಿಸಿ, ಸದ್ದಿಲ್ಲದೆ ಹತ್ತಿರ ಹೋಗುವುದು.
4. ಅಟ್ಟುವುದು.
5. ಕಚ್ಚಿ ಹಿಡಿಯುವುದು.
6. ಕೊಲ್ಲುವುದು.

ಕುರಿ ಕೆಲಸದ ನಾಯಿಯಲ್ಲಿ ಮೊದಲ ನಾಲ್ಕು ಮೆಟ್ಟಿಲು ಗಟ್ಟಿ. ಕೊನೆಯ ಎರಡು ಸಡಿಲ. ಅದು ಹುಡುಕುತ್ತೆ, ದಿಟ್ಟಿಸುತ್ತೆ, ಬಗ್ಗುತ್ತೆ, ಓಡಿಸುತ್ತೆ. ಅಲ್ಲಿಗೆ ನಿಲ್ಲುತ್ತೆ. ಕಚ್ಚಿ ಕೊಲ್ಲೋದಕ್ಕೆ ಹೋಗಲ್ಲ.

ಇದು ತಾನಾಗಿ ಆದದ್ದಲ್ಲ. ಕುರಿಗಾರರು ತಲೆಮಾರು ತಲೆಮಾರು ಆರಿಸಿದರು. ಕುರಿಯನ್ನು ಕಚ್ಚುವ ನಾಯಿಯ ಮರಿ ಬೇಡ ಅಂದರು. ಕಚ್ಚದೆ ಕೆಲಸ ಮಾಡುವ ನಾಯಿಯ ಮರಿ ಸಾಕಿದರು. ನಾವು ಒಳ್ಳೆ ತೆನೆ ಆರಿಸಿ ಬೀಜಕ್ಕೆ ಇಡ್ತೀವಲ್ಲ, ಹಾಗೇ ಇದು.

ಕುರಿ ಕಾಯೋಕೆ ತೋಳ ಬಿಟ್ಟ ಹಾಗೆ ಅಂತ ನಮ್ಮಲ್ಲಿ ಗಾದೆ ಇದೆ. ಕುರಿಗಾರರು ಮಾಡಿದ್ದು ಒಂದು ರೀತಿ ಅದೇ ಕೆಲಸ. ತೋಳದ ಗುಣವನ್ನೇ ಪಳಗಿಸಿ ಕುರಿ ಕೆಲಸಕ್ಕೆ ಹಚ್ಚಿದರು.

ಗಡಿ ಬೆಟ್ಟದ ನಾಯಿ

ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ಅಕ್ಕಪಕ್ಕದ ನಾಡುಗಳು. ನಡುವಿನ ಗಡಿಯಲ್ಲಿ ಹುಲ್ಲಿನ ಬೆಟ್ಟಗಳಿವೆ. ಅಲ್ಲಿ ಕುರಿಗಳು ಬೆಟ್ಟದ ತುಂಬ ಚದುರಿ ಮೇಯುತ್ತವೆ. ಒಬ್ಬ ಮನುಷ್ಯ ಎಲ್ಲವನ್ನೂ ಕೂಡಿಸಿ ತರಲಾರ. ಅದಕ್ಕೆ ನಾಯಿ ಬೇಕು.

ಅಲ್ಲಿನ ನಾಯಿಯ ಹೆಸರು ಬಾರ್ಡರ್ ಕೋಲಿ. ಬಾರ್ಡರ್ ಅಂದರೆ ಗಡಿ. ಗಡಿ ನಾಡಿನ ನಾಯಿ ಅಂತ ಅರ್ಥ.

ಅಲ್ಲಿ ಆಡಂ ಟೆಲ್ಫರ್ ಅನ್ನೋ ಕುರಿಗಾರ ಇದ್ದ. 1893ರಲ್ಲಿ ಅವನ ಮನೆಯಲ್ಲಿ ಒಂದು ಗಂಡು ಮರಿ ಹುಟ್ಟಿತು. ಅದರ ಹೆಸರು ಹೆಂಪ್. ಹೆಂಪ್‌ನ ಅಪ್ಪ ಸ್ನೇಹದ ನಾಯಿ, ಕೆಲಸದಲ್ಲಿ ಸಾಧಾರಣ. ತಾಯಿ ನಾಚಿಕೆಯ ನಾಯಿ. ಆದರೆ ಅದರ ಕಣ್ಣು ಬಲು ಚುರುಕು. ಕುರಿಯನ್ನು ದಿಟ್ಟಿಸಿಯೇ ನಿಲ್ಲಿಸುತ್ತಿತ್ತು.

ಹೆಂಪ್ ಬೊಗಳದೆ ಕೆಲಸ ಮಾಡುತ್ತಿತ್ತು. ಕುರಿಗಳೂ ಗಾಬರಿ ಇಲ್ಲದೆ ಅದರ ಮಾತು ಕೇಳುತ್ತಿದ್ದವು. ಸುತ್ತಲಿನ ಕುರಿಗಾರರು ಅದರ ಮರಿಗಳೇ ಬೇಕು ಅಂದರು. 1901ರಲ್ಲಿ ಹೆಂಪ್ ಸತ್ತಿತು. ಇಂದಿನ ಬಾರ್ಡರ್ ಕೋಲಿಗಳ ವಂಶ ಹುಡುಕುತ್ತಾ ಹಿಂದೆ ಹೋದರೆ ಹೆಂಪ್ ಸಿಗುತ್ತೆ.

ಬ್ರಿಟನ್ನಿನ ಇನ್ನೊಂದು ನಾಡು ವೇಲ್ಸ್. ಅಲ್ಲಿಯ ಬಾಲಾ ಎಂಬ ಊರಲ್ಲಿ 1873ರಲ್ಲಿ ಕುರಿನಾಯಿಗಳ ಪಂದ್ಯ ನಡೆಯಿತು. ಬ್ರಿಟನ್ನಿನಲ್ಲಿ ದಾಖಲೆ ಇರುವ ಮೊದಲ ಪಂದ್ಯ ಅದು. 1906ರಲ್ಲಿ ಅಂತರರಾಷ್ಟ್ರೀಯ ಕುರಿನಾಯಿ ಸಂಘ ಶುರುವಾಯಿತು.

ಪಂದ್ಯ ಇರೋದು ಕೆಲಸ ಕಲಿತ ನಾಯಿಗೆ. ಏನೂ ಕಲಿಯದ ಸಾಕುನಾಯಿಗೆ ಬೇರೆ ಪರೀಕ್ಷೆ ಇದೆ. ಅದೇ ಹುಟ್ಟುಗುಣದ ಪರೀಕ್ಷೆ. ಇಂಗ್ಲೆಂಡಿನಲ್ಲಿ, ಅಮೆರಿಕದಲ್ಲಿ ಪೇಟೆಯ ಜನರೂ ಮನೆಯ ನಾಯಿಯನ್ನು ಈ ಪರೀಕ್ಷೆಗೆ ಕರೆದುಕೊಂಡು ಹೋಗುತ್ತಾರೆ. ಎಷ್ಟೋ ನಾಯಿಗಳು ಅಲ್ಲಿವರೆಗೆ ಕುರಿಯನ್ನೇ ನೋಡಿರುವುದಿಲ್ಲ.

ಎಲ್ಲ ನಾಯಿಯ ಕೆಲಸ ಒಂದೇ ಅಲ್ಲ

ಪರೀಕ್ಷೆಗೆ ಮುಂಚೆ ಒಂದು ವಿಷಯ ತಿಳಿಯಬೇಕು. ಒಂದೊಂದು ತಳಿಗೆ ಒಂದೊಂದು ಕೆಲಸ.

ಬಾರ್ಡರ್ ಕೋಲಿ ಚದುರಿದ ಕುರಿ ಕೂಡಿಸಿ ತರುತ್ತೆ.

ಜರ್ಮನ್ ಶೆಫರ್ಡ್ ನೀವು ನೋಡಿರಬಹುದು. ಪೊಲೀಸರ ಹತ್ತಿರ ಇರುತ್ತೆ. ಶೆಫರ್ಡ್ ಅಂದರೆ ಕುರಿಗಾಹಿ. ಅದರ ಹಳೆ ಕೆಲಸ ಕುರಿ ಕಾಯೋದೇ. ಜರ್ಮನಿಯಲ್ಲಿ ಅದು ಮೇವಿನ ಹೊಲದ ಅಂಚಲ್ಲಿ ಅತ್ತ ಇತ್ತ ಓಡಾಡುತ್ತಿತ್ತು. ಕುರಿ ಪಕ್ಕದ ಬೆಳೆಗೆ ಬಾಯಿ ಹಾಕದಂತೆ ತಡೆಯುತ್ತಿತ್ತು. ಅದೇ ಒಂದು ಓಡಾಡುವ ಬೇಲಿ. 1899ರಲ್ಲಿ ಜರ್ಮನಿಯಲ್ಲಿ ಈ ತಳಿಯ ಸಂಘ ಆಯಿತು.

ಕೋರ್ಗಿ ಅನ್ನೋದು ಗಿಡ್ಡ ಕಾಲಿನ ನಾಯಿ. ಅದು ದನದ ಹಿಮ್ಮಡಿಗೆ ಬಾಯಿ ಹಾಕಿ ಮುಂದೆ ನಡೆಸುತ್ತೆ. ದನ ಒದ್ದರೂ ಗಿಡ್ಡ ನಾಯಿಯ ಮೇಲೆ ಹಾದು ಹೋಗುತ್ತೆ.

ನಮ್ಮ ಕಡೆ ಕುರುಬರ ನಾಯಿ ನೋಡಿದ್ದೀರಿ. ನಮ್ಮಲ್ಲಿ ಕುರಿ ನಡೆಸುವವನು ಮನುಷ್ಯ. ಅವನು ಕೂಗು ಹಾಕುತ್ತಾನೆ, ಕುರಿ ನಡೆಯುತ್ತೆ. ನಾಯಿಯ ಕೆಲಸ ಮುಖ್ಯವಾಗಿ ಕಾವಲು. ರಾತ್ರಿ ತೋಳ ಬಂದರೆ, ಕಳ್ಳ ಬಂದರೆ ಬೊಗಳುತ್ತೆ, ಎದುರು ನಿಲ್ಲುತ್ತೆ. ಕುರಿ ಕೂಡಿಸೋದು ಅದರ ಕೆಲಸ ಅಲ್ಲ.

ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿ ಬೇಟೆಯ ನಾಯಿ. ಉದ್ದ ಕಾಲು, ದೂರದ ನೋಟ. 2005ರಲ್ಲಿ ಅಂಚೆ ಇಲಾಖೆ ಅದರ ಚಿತ್ರದ ಅಂಚೆಚೀಟಿ ತಂದಿತು. ಅದರಲ್ಲಿ ಅಟ್ಟುವ ಗುಣ ಗಟ್ಟಿ. ಓಡೋದು ಕಂಡರೆ ಹಿಂದೆ ಬೀಳುತ್ತೆ. ಅದು ಅದರ ತಪ್ಪಲ್ಲ. ಅದನ್ನು ಬೆಳೆಸಿದ್ದೇ ಅದಕ್ಕೆ.

ಪರೀಕ್ಷೆ ಹೇಗೆ ನಡೆಯುತ್ತೆ?

ನಾಯಿಗೆ ಸಾಮಾನ್ಯವಾಗಿ ಆರು ತಿಂಗಳು ತುಂಬಿರಬೇಕು. ಚಿಕ್ಕ ಮರಿಯನ್ನು ಕುರಿ ಗುದ್ದಿದರೆ ಅದು ಜನ್ಮಕ್ಕೂ ಹೆದರಬಹುದು. ನಾಯಿ ಆರೋಗ್ಯವಾಗಿರಬೇಕು. ಲಸಿಕೆ ಆಗಿರಬೇಕು. ಕರೆದರೆ ಬರಬೇಕು, ನಿಲ್ಲು ಅಂದರೆ ನಿಲ್ಲಬೇಕು.

ಜಾಗಕ್ಕೆ ಸುತ್ತ ಬೇಲಿ ಇರಬೇಕು. ತೀರಾ ಚಿಕ್ಕದಾದರೆ ಕುರಿಗೆ ಸರಿಯಲು ಜಾಗ ಇರಲ್ಲ. ತೀರಾ ದೊಡ್ಡದಾದರೆ ನಾಯಿ ಕೈಗೆ ಸಿಗಲ್ಲ.

ಕುರಿ ಮೂರರಿಂದ ಐದು ಸಾಕು. ನಾಯಿಯನ್ನು ಕಂಡು ಅಭ್ಯಾಸ ಇರುವ, ಗಟ್ಟಿಮುಟ್ಟಾದ ಕುರಿ ಬೇಕು. ಗಬ್ಬದ ಕುರಿ, ಮರಿ, ಕುಂಟುವ ಕುರಿ ಖಂಡಿತ ಬೇಡ.

ಜೊತೆಗೆ ಕುರಿ ಮತ್ತು ನಾಯಿ ಎರಡನ್ನೂ ಬಲ್ಲ ಅನುಭವಿ ಇರುತ್ತಾರೆ. ಅವರ ಕೈಯಲ್ಲಿ ಕೋಲು ಇರುತ್ತೆ. ಹೊಡೆಯೋಕೆ ಅಲ್ಲ. ಕೋಲು ಅಡ್ಡ ಚಾಚಿ ನಾಯಿಯನ್ನು ದೂರ ಇಡೋಕೆ.

ಮೊದಲು ಬೇಲಿಯ ಹೊರಗೆ ನಡೆಸುತ್ತಾರೆ. ನಾಯಿ ಕುರಿ ಕಡೆ ನೋಡುತ್ತಾ, ಮೂಗು ಎತ್ತುತ್ತಾ ಅಂತ ಗಮನಿಸುತ್ತಾರೆ. ಆಮೇಲೆ ಉದ್ದ ಹಗ್ಗ ಕಟ್ಟಿ ಒಳಗೆ ತರುತ್ತಾರೆ. ನಾಯಿ ಸಮಾಧಾನವಾದ ಮೇಲೆ ಹಗ್ಗದ ತುದಿ ಬಿಡುತ್ತಾರೆ. ಹಗ್ಗ ನೆಲದಲ್ಲಿ ಎಳೆಯುತ್ತಿರುತ್ತೆ. ಅವಾಂತರ ಆದರೆ ಹಗ್ಗ ತುಳಿದು ನಿಲ್ಲಿಸಬಹುದು.

ಅನುಭವಿ ಕುರಿಗಳ ಹತ್ತಿರ ನಿಲ್ಲುತ್ತಾರೆ. ಅತ್ತ ಇತ್ತ ನಡೆಯುತ್ತಾರೆ. ನಾಯಿ ಏನು ಮಾಡುತ್ತೆ ನೋಡುತ್ತಾರೆ. ಹೆಚ್ಚು ಹೊತ್ತು ಇಲ್ಲ. ಹತ್ತು ನಿಮಿಷದ ಒಳಗೆ ಮುಗಿಸುತ್ತಾರೆ. ಕುರಿ ದಣಿದು ಬಾಯಿ ತೆರೆದು ಉಸಿರಾಡಿದರೆ ತಕ್ಷಣ ನಿಲ್ಲಿಸುತ್ತಾರೆ.

ನೆನಪಿಡಿ, ಪರೀಕ್ಷೆ ನಾಯಿಗೆ. ಆದರೆ ಎಡವಟ್ಟಾದರೆ ನೋವು ಕುರಿಗೆ. ಅದಕ್ಕೇ ಇಷ್ಟು ಜಾಗ್ರತೆ.

ಏನನ್ನು ನೋಡಬೇಕು?

ಒಂದು, ಓಡುವ ದಾರಿ. ಅಟ್ಟುವ ನಾಯಿ ನೇರ ಕುರಿಗಳ ನಡುವೆ ನುಗ್ಗುತ್ತೆ. ಒಟ್ಟು ಮಾಡುವ ನಾಯಿ ದೂರದಿಂದ ಸುತ್ತು ಹಾಕುತ್ತೆ.

ಎರಡು, ಗುರಿ. ಅಟ್ಟುವ ನಾಯಿ ಒಂದೇ ಕುರಿಯನ್ನು ಹಿಂಡಿನಿಂದ ಬೇರೆ ಮಾಡಿ ಬೆನ್ನು ಹತ್ತುತ್ತೆ. ಒಟ್ಟು ಮಾಡುವ ನಾಯಿ ಬೇರೆಯಾದ ಕುರಿಯನ್ನು ಮತ್ತೆ ಹಿಂಡಿಗೆ ತಂದು ಸೇರಿಸುತ್ತೆ. ಇದು ಎಲ್ಲಕ್ಕಿಂತ ದೊಡ್ಡ ಗುರುತು.

ಮೂರು, ನಿಲ್ಲುವ ಜಾಗ. ನೆಲದ ಮೇಲೆ ಒಂದು ಗಡಿಯಾರ ಬರೆಯಿರಿ. ನಡುವೆ ಕುರಿ. 6 ಇರುವ ಕಡೆ ಯಜಮಾನ. ಕೋಲಿಯಂಥ ನಾಯಿ 12ರ ಕಡೆಗೆ ಹೋಗಿ ನಿಲ್ಲುತ್ತೆ. ಯಜಮಾನ ಸರಿದರೆ ತಾನೂ ಸರಿದು ಮತ್ತೆ ಎದುರಿಗೇ ಬರುತ್ತೆ. ಆಗ ಕುರಿಗಳು ಯಜಮಾನನ ಕಡೆಗೇ ನಡೆಯುತ್ತವೆ. ಇದನ್ನು ಅದಕ್ಕೆ ಯಾರೂ ಕಲಿಸಿರುವುದಿಲ್ಲ.

ನಾಲ್ಕು, ಬಾಯಿ. ಕಚ್ಚುತ್ತಾ? ಉಣ್ಣೆ ಹಿಡಿದು ಎಳೆಯುತ್ತಾ? ಹಾಗಿದ್ದರೆ ಪರೀಕ್ಷೆ ನಿಲ್ಲಿಸುತ್ತಾರೆ. ಬೊಗಳೋದು ಬೇರೆ ವಿಷಯ. ಕೆಲವು ತಳಿ ಬೊಗಳಿಯೇ ಕೆಲಸ ಮಾಡುತ್ತವೆ. ಬೊಗಳಿದ ಮಾತ್ರಕ್ಕೆ ಕೆಟ್ಟದ್ದಲ್ಲ.

ಐದು, ಕಿವಿ. ಕುರಿಯ ಮೇಲೆ ಕಣ್ಣಿದ್ದರೂ ಯಜಮಾನನ ಮಾತು ಕೇಳುತ್ತಾ? ಕರೆದರೆ ಒಮ್ಮೆಯಾದರೂ ತಿರುಗುತ್ತಾ?

ಕೆಲವು ನಾಯಿ ಕುರಿ ನೋಡಿ ಹುಲ್ಲು ಮೂಸುತ್ತಾ ನಿಲ್ಲುತ್ತವೆ. ಅದಕ್ಕೆ ಗುಣವೇ ಇಲ್ಲ ಅನ್ನಬೇಡಿ. ಹೊಸ ಜಾಗದ ಅಂಜಿಕೆ ಇರಬಹುದು. ವಯಸ್ಸು ಸಾಲದಿರಬಹುದು. ಕೆಲವು ನಾಯಿಯಲ್ಲಿ ಗುಣ ಎರಡನೆಯ ಸಲ, ಮೂರನೆಯ ಸಲ ಕಾಣಿಸುತ್ತೆ.

ಗುಣ ಇದ್ದರೂ ಅಷ್ಟಕ್ಕೇ ಆಗಲಿಲ್ಲ. ಹುಟ್ಟುಗುಣ ಬೀಜ ಇದ್ದ ಹಾಗೆ. ಕಲಿಸೋದು ಬೇಸಾಯ. ಬೀಜ ಇಲ್ಲದೆ ಬೆಳೆ ಇಲ್ಲ. ಬೇಸಾಯ ಇಲ್ಲದಿದ್ದರೂ ಬೆಳೆ ಇಲ್ಲ. ಕಲಿಯದ ನಾಯಿ ಎಷ್ಟೇ ಗುಣ ಇದ್ದರೂ ಕುರಿಯನ್ನು ದಣಿಸಿ ಹಾಕುತ್ತೆ.

ನಮ್ಮ ಮನೆಯಲ್ಲಿ ಏನು ಮಾಡಬೇಕು?

ಒಂದು ಮಾತು ಗಟ್ಟಿಯಾಗಿ ನೆನಪಿಡಿ. ಪರೀಕ್ಷೆ ಅಂತ ನಾಯಿಯನ್ನು ಹಿಂಡಿನೊಳಗೆ ಬಿಡಬೇಡಿ. ಗಬ್ಬದ ಕುರಿಯನ್ನು ನಾಯಿ ಅಟ್ಟಿದರೆ ಅದು ಕಂದು ಹಾಕಬಹುದು. ಅಂದರೆ ಗರ್ಭ ಇಳಿದು ಹೋಗಬಹುದು. ಕುರಿಯ ಗಬ್ಬ ಸುಮಾರು ಐದು ತಿಂಗಳು. ಐದು ತಿಂಗಳ ಸಾಕಣೆ ಐದು ನಿಮಿಷದಲ್ಲಿ ಹಾಳಾಗುತ್ತೆ.

ನಾಯಿಯನ್ನು ಹಗ್ಗದಲ್ಲಿ ಹಿಡಿದು ದೊಡ್ಡಿಯ ಹೊರಗೆ, ದೂರದಿಂದ ನೋಡಬಹುದು. ಅಷ್ಟು ನೋಡಿದರೂ ಬಹಳ ತಿಳಿಯುತ್ತೆ. ಪೂರ್ತಿ ತಿಳಿಯೋದು ಅನುಭವಿ ಜೊತೆಗಿದ್ದಾಗ ಮಾತ್ರ.

ನಾಯಿಗೆ ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಿ. ಪಶು ಆಸ್ಪತ್ರೆಯಲ್ಲಿ ಕೇಳಿ ಜಂತುಹುಳದ ಔಷಧಿ ಕೊಡಿಸಿ. ಕುರಿ ಕೊಯ್ದಾಗ ಹಸಿ ಕರುಳು, ಈಲಿ ನಾಯಿಗೆ ಹಾಕಬೇಡಿ. ಅದರಿಂದ ನಾಯಿಯ ಹೊಟ್ಟೇಲಿ ಹುಳ ಬೆಳೆಯುತ್ತೆ. ಅದರ ಮೊಟ್ಟೆ ಹುಲ್ಲಿನ ಜೊತೆ ಕುರಿಗೆ, ಕೊಳೆ ಕೈಯಿಂದ ಮಕ್ಕಳಿಗೆ ಸೇರುತ್ತೆ.

ನಾಯಿ ಯಾರನ್ನಾದರೂ ಕಚ್ಚಿದರೆ ಗಾಯವನ್ನು ಸೋಪು ಹಚ್ಚಿ, ಹರಿಯುವ ನೀರಲ್ಲಿ 15 ನಿಮಿಷ ತೊಳೆಯಿರಿ. ಅದೇ ದಿನ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಹಾಕಿಸಿ.

ಕರಿಯನ ಪರೀಕ್ಷೆ

ಈಗ ಕಥೆಗೆ ಬರೋಣ.

ತಾಯಿ ಗಂಡನಿಗೆ ಹೇಳಿದಳು, "ನಾಳೆ ಬಿಟ್ಟು ಬರಬೇಡಿ. ಎಂಟು ದಿನ ಕೊಡಿ." ಮಗನಿಗೂ ಹೇಳಿದಳು, "ನೀನೂ ಅದರ ಪರ ಮಾತಾಡಬೇಡ. ಮೊದಲು ನೋಡೋಣ."

ಊರಿನ ಹಿರಿಯ ಕುರಿಗಾರನನ್ನು ಕರೆಸಿದಳು. ಅವನು ಗಬ್ಬದ ಕುರಿ ಎರಡನ್ನೂ ಮನೆಯೊಳಗೆ ಕಟ್ಟಿಸಿದ. ಉಳಿದ ನಾಲ್ಕು ದೊಡ್ಡಿಯಲ್ಲಿ. ಕರಿಯ ಹಗ್ಗದಲ್ಲಿ, ದೊಡ್ಡಿಯ ಹೊರಗೆ. ಮೂರು ಸಂಜೆ, ಹತ್ತು ಹತ್ತು ನಿಮಿಷ ನೋಡಿದರು.

ತಾಯಿ ರಾತ್ರಿ ಶಾಲೆಯಲ್ಲಿ ಓದು ಬರಹ ಕಲಿಯುತ್ತಿದ್ದಳು. ಮಗನ ಹಳೆ ನೋಟುಬುಕ್ಕಿನಲ್ಲಿ ದಪ್ಪ ಅಕ್ಷರದಲ್ಲಿ ಬರೆದಳು.

"ಸೋಮವಾರ. ಗುಂಪು ನೋಡಲಿಲ್ಲ. ಕುಂಟುವ ಕುರಿ ಒಂದನ್ನೇ ನೋಡಿತು. ಹಗ್ಗ ಎಳೆಯಿತು. ಕೂಗಿದರೆ ತಿರುಗಲಿಲ್ಲ."

"ಮಂಗಳವಾರ. ಅದೇ ಕುರಿ. ಜೊಲ್ಲು ಸುರಿಸಿತು. ಬೇಲಿ ಕಚ್ಚಿತು."

"ಬುಧವಾರ. ಅದೇ."

ಅವಳು ಮೂರು ದಿನದ್ದನ್ನೂ ಗಂಡ, ಮಗನ ಮುಂದೆ ಓದಿದಳು. ಮಗ ತಲೆ ತಗ್ಗಿಸಿದ. ಕರಿಯ ಒಟ್ಟು ಮಾಡುವ ನಾಯಿ ಅಲ್ಲ. ಅಟ್ಟುವ ನಾಯಿ.

ಗಂಡ ಅಂದ, "ನಾನು ಹೇಳಲಿಲ್ವಾ?"

ಹಿರಿಯ ಕುರಿಗಾರ ಅವನನ್ನು ತಡೆದ. "ಅದಕ್ಕೆ ರಕ್ತದ ರುಚಿ ಹತ್ತಿಲ್ಲ ಕಣಯ್ಯ. ಅದರ ಹುಟ್ಟೇ ಹಾಗೆ. ಓಡಿದ್ದನ್ನ ಓಡಿಸುತ್ತೆ. ಕೆರೆ ಆಚೆ ಬಿಟ್ಟರೆ ಏನಾಗುತ್ತೆ? ಬೇರೆಯವರ ಕುರಿ ಅಟ್ಟುತ್ತೆ. ಪಾಪ ಅವರ ಮನೆಗೆ ಹೋಗುತ್ತೆ, ಅಷ್ಟೇ."

ತಾಯಿ ಯೋಚಿಸಿ ತೀರ್ಮಾನ ಮಾಡಿದಳು. ದೊಡ್ಡಿಯ ಬೇಲಿ ಎತ್ತರ ಮಾಡಿಸಿದಳು. ಕುರಿ ಬರುವ ಹೊತ್ತಿಗೆ ಕರಿಯನನ್ನು ಕಟ್ಟಿ ಹಾಕುವ ಕೆಲಸ ಮಗನದು. ರಾತ್ರಿ ಕರಿಯ ಮನೆ ಬಾಗಿಲಲ್ಲಿ ಮಲಗುತ್ತೆ. ಯಾರೇ ಬಂದರೂ ಬೊಗಳುತ್ತೆ.

ಮೊಣಕಾಲು ತರಚಿದ ಕುರಿಯ ಗಾಯ ಮಾಯಿತು. ಎರಡು ತಿಂಗಳಿಗೆ ಮರಿ ಹಾಕಿತು. ಸಾಲದ ಮೊದಲ ಕಂತು ಕಟ್ಟಿದಳು.

ಸಿಟ್ಟಿನ ಕಣ್ಣಿಗೆ ನಾಯಿ ತೋಳದ ಹಾಗೆ ಕಾಣುತ್ತೆ. ಪ್ರೀತಿಯ ಕಣ್ಣಿಗೆ ಕುರಿಗಾಹಿ ಹಾಗೆ ಕಾಣುತ್ತೆ. ನಿಜ ತಿಳಿಯೋಕೆ ಪರೀಕ್ಷೆಯೇ ಬೇಕು.

ಹೊಸ ಪದಗಳು

ಹುಟ್ಟುಗುಣ: ಯಾರೂ ಕಲಿಸದೆ ಹುಟ್ಟಿನಿಂದ ಬಂದ ಗುಣ.
ತಳಿ: ಒಂದೇ ಗುಣ, ಒಂದೇ ರೂಪ ಬರುವಂತೆ ಬೆಳೆಸಿದ ವಂಶ.
ದಿಟ್ಟಿಸು: ಕಣ್ಣು ಮಿಟುಕಿಸದೆ ನೋಡು.
ಅನುಭವಿ: ಕೆಲಸ ಮಾಡಿ ಬಲ್ಲವರು.

ಉತ್ತರ ಹೇಳಿ

1. ಬೇಟೆಯ ಆರು ಮೆಟ್ಟಿಲು ಯಾವುವು? ಕುರಿ ಕೆಲಸದ ನಾಯಿ ಎಷ್ಟನೆಯದರಲ್ಲಿ ನಿಲ್ಲುತ್ತೆ?
2. ಪರೀಕ್ಷೆಗೆ ಯಾವ ಕುರಿ ಬೇಡ? ಯಾಕೆ?
3. ಅಟ್ಟುವ ನಾಯಿಗೂ ಒಟ್ಟು ಮಾಡುವ ನಾಯಿಗೂ ಇರುವ ದೊಡ್ಡ ವ್ಯತ್ಯಾಸ ಏನು?
4. ಕರಿಯನನ್ನು ಕೆರೆ ಆಚೆ ಬಿಟ್ಟಿದ್ದರೆ ಏನಾಗುತ್ತಿತ್ತು?

ಬಿಟ್ಟ ಜಾಗ ತುಂಬಿ

1. ಹೆಂಪ್ ಹುಟ್ಟಿದ ವರ್ಷ ........
2. ಕುರಿಯ ಗಬ್ಬ ಸುಮಾರು ........ ತಿಂಗಳು.
3. ನಾಯಿ ಕಚ್ಚಿದರೆ ಗಾಯವನ್ನು ಸೋಪು, ನೀರಿನಿಂದ ........ ನಿಮಿಷ ತೊಳೆಯಬೇಕು.

ನೋಡಿ, ಬರೆಯಿರಿ

ನಿಮ್ಮ ಮನೆಯ ಅಥವಾ ಪಕ್ಕದ ಮನೆಯ ಒಂದು ಪ್ರಾಣಿಯನ್ನು ಮೂರು ದಿನ ಗಮನಿಸಿ. ದಿನಕ್ಕೆ ಎರಡು ಸಾಲು ಬರೆಯಿರಿ. ಕಂಡದ್ದನ್ನು ಮಾತ್ರ ಬರೆಯಿರಿ. ನಾಲ್ಕನೆಯ ದಿನ ತರಗತಿಯಲ್ಲಿ ಓದಿ ಹೇಳಿ.